ನೀರಿನ ಮೇಲಿನ ಬೆಳಕು, ಬಿದ್ರಿಯ ಮೇಲಿನ ಬೆಳಕು

ಬಿದ್ರಿ ತಟ್ಟೆಯ ಫೋಟೊ ತೆಗೆದವರಿಗೆಲ್ಲ ಈ ಪೇಚು ಗೊತ್ತು: ಕಪ್ಪು ಕಪ್ಪಾಗಿ ಬರುವುದಿಲ್ಲ. ಕೈಯಲ್ಲಿ ಹಿಡಿದಾಗ ಕಾಡಿಗೆಯಷ್ಟು ಕಪ್ಪಗಿದ್ದ ಮೈ ಪರದೆಯ ಮೇಲೆ ಬೂದಿ ಸವರಿದ ಹಾಗೆ ಕಾಣುತ್ತದೆ. ಬೆಳ್ಳಿಯ ಬಳ್ಳಿಗಳು ಆ ಬೂದುಬಣ್ಣದಲ್ಲಿ ಅರ್ಧ ಕರಗಿಹೋಗಿರುತ್ತವೆ. ಕಂಪ್ಯೂಟರಿನ ಮುಂದೆ ಕೂತು ಕಾಂಟ್ರಾಸ್ಟ್ ಏರಿಸಿ ಬ್ಲ್ಯಾಕ್ಸ್ ಇಳಿಸಿದರೆ ಕಪ್ಪು ಬರುತ್ತದೆ, ನಿಜ. ಆದರೆ ತಾರಕಶಿಯ ಕೂದಲೆಳೆಯಂಥ ತಂತಿ ಅದರ ಜೊತೆಗೇ ಮುಳುಗುತ್ತದೆ, ಇಲ್ಲವೇ ಸುಣ್ಣದಲ್ಲಿ ಗೀಚಿದ ಹಾಗೆ ಒರಟಾಗುತ್ತದೆ. ಕುಶಲಕರ್ಮಿ ಉಳಿ ಹಿಡಿದು ದಿನಗಟ್ಟಲೆ ಕೂತು ಕೆತ್ತಿದ ಗೆರೆಯನ್ನು ಒಂದು ಸ್ಲೈಡರ್ ಎಳೆದು ಹಾಳುಮಾಡುವುದು ಸರಿಯಲ್ಲ. ಮೊದಲು ನೆಚ್ಚಬೇಕಾದದ್ದು ಲೆನ್ಸಿನ ಮುಂದೆ ಕೂರಿಸಿ ತಿರುಗಿಸುವ ಪೋಲರೈಸಿಂಗ್ ಫಿಲ್ಟರನ್ನು.

ಈ ಬೂದು ಎಲ್ಲಿಂದ ಬಂತು? ಬಿದ್ರಿಯ ಒಡಲು ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಬೆಳ್ಳಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿ ದ್ರಾವಣ ಹಚ್ಚಿದಾಗ ಒಡಲು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೊನೆಗೆ ಕಪ್ಪು ಇನ್ನಷ್ಟು ಗಾಢವಾಗಲೆಂದು ಎಣ್ಣೆ ಹಚ್ಚಿ ಉಜ್ಜುತ್ತಾರೆ. ಕಿಟಕಿಯ ಬೆಳಕನ್ನೂ ಸುಣ್ಣದ ಗೋಡೆಯ ಬಿಳುಪನ್ನೂ ಲೆನ್ಸಿನ ಕಡೆಗೆ ದೂಡುವುದು ಆ ಎಣ್ಣೆಯ ತೆಳು ಪದರ. ಕಪ್ಪಿನ ಮೇಲೆ ಬಿಳಿ ಬೆಳಕಿನ ಒಂದು ಮುಸುಕು ಹೊದಿಸಿದಂತೆ. ಬೆಳ್ಳಿಯೂ ಬೆಳಕನ್ನು ದೂಡುತ್ತದೆ, ಆದರೆ ದೂಡುವ ಬಗೆ ಬೇರೆ. ಎಣ್ಣೆ, ನೀರು, ಗಾಜು, ನಯ ಮಾಡಿದ ಕಲ್ಲು, ಎಲೆಯ ಮೇಣ, ಇವುಗಳಿಂದ ಓರೆಯಾಗಿ ಚಿಮ್ಮಿದ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತ ಬರುತ್ತದೆ. ಬರಿ ಲೋಹದಿಂದ ಚಿಮ್ಮಿದ ಬೆಳಕು ಹೆಚ್ಚುಕಡಿಮೆ ಎಲ್ಲ ದಿಕ್ಕಿಗೂ ಕಂಪಿಸುತ್ತಲೇ ಇರುತ್ತದೆ. ಪೋಲರೈಸಿಂಗ್ ಫಿಲ್ಟರ್ ಒಂದು ದಿಕ್ಕಿನ ಕಂಪನವನ್ನಷ್ಟೇ ಒಳಗೆ ಬಿಡುತ್ತದೆ. ಹಾಗಾಗಿ ಸರಿಯಾದ ಕೋನದಲ್ಲಿ ನಿಂತು ತಿರುಗಿಸಿದರೆ ಎಣ್ಣೆಯ ಮುಸುಕು ಕಳಚುತ್ತದೆ, ಬೆಳ್ಳಿಯ ಹೊಳಪು ಉಳಿಯುತ್ತದೆ. ಬಿದ್ರಿಗೆಂದೇ ಯಾರೋ ಈ ಫಿಲ್ಟರ್ ಮಾಡಿಟ್ಟರೇನೋ ಎನ್ನುವಷ್ಟು ಹೊಂದಿಕೆ.

ಕೋನದ ಲೆಕ್ಕ ಸುಲಭ. ತಟ್ಟೆ ಮೇಜಿನ ಮೇಲೆ ಮಲಗಿದ್ದರೆ ಲೆನ್ಸು ಎರಡು ಅಡಿ ಎತ್ತರದಲ್ಲಿ, ತಟ್ಟೆಯಿಂದ ಮೂರು ಅಡಿ ಹಿಂದೆ ಇರಲಿ. ಅಲ್ಲಿಂದ ನೋಡಿದರೆ ನೋಟ ಮೇಜಿಗೆ ಸುಮಾರು 34 ಡಿಗ್ರಿ ಓರೆಯಾಗಿರುತ್ತದೆ, ಎಣ್ಣೆಗೂ ಗಾಜಿಗೂ ಫಿಲ್ಟರ್ ಅತಿ ಹೆಚ್ಚು ಕೆಲಸ ಮಾಡುವುದು ಅಲ್ಲಿಯೇ. ತಟ್ಟೆಯ ಆಚೆ ಬದಿಯಲ್ಲಿ ದೊಡ್ಡ ಬಟರ್ ಪೇಪರ್ ಪರದೆ ಕಟ್ಟಿ ಅದರ ಹಿಂದೆ ದೀಪವಿಡಿ. ಬೆಳ್ಳಿ ಪ್ರತಿಫಲಿಸಬೇಕಾದದ್ದು ಆ ಬಿಳಿ ಪರದೆಯನ್ನೇ. ಈಗ ಫಿಲ್ಟರನ್ನು ನಿಧಾನ ತಿರುಗಿಸಿ. ಒಂದು ಕಡೆ ಬಂದಾಗ ಕಪ್ಪು ತಟಕ್ಕನೆ ಆಳಕ್ಕಿಳಿಯುತ್ತದೆ, ಬಳ್ಳಿ ಎದ್ದು ನಿಲ್ಲುತ್ತದೆ. ಇದೇ ತಟ್ಟೆಯನ್ನು ಕ್ಯಾಟಲಾಗಿಗೆಂದು ನೇರ ಮೇಲಿನಿಂದ ತೆಗೆಯಲು ಹೋದರೆ ಫಿಲ್ಟರ್ ಏನೂ ಮಾಡುವುದಿಲ್ಲ, ಯಾಕೆಂದರೆ ನೇರವಾಗಿ ಬಿದ್ದು ನೇರವಾಗಿ ಮರಳುವ ಬೆಳಕಿಗೆ ಕಂಪನದ ಒಂದು ದಿಕ್ಕು ಎಂಬುದಿಲ್ಲ. ಅಲ್ಲಿ ಬದಿಯಿಂದ ಬೀಳುವ ಮೆತ್ತನೆಯ ಬೆಳಕೇ ಗತಿ. ಹೂಜಿ, ಹುಕ್ಕಾ ಬುಡದಂಥ ದುಂಡನೆಯ ಸಾಮಾನಿನಲ್ಲಿ ಫಿಲ್ಟರ್ ಒಂದೆರಡು ಪಟ್ಟಿಗಳಷ್ಟು ಜಾಗವನ್ನು ಮಾತ್ರ ಸ್ವಚ್ಛ ಮಾಡುತ್ತದೆ.

ಸ್ಟುಡಿಯೊದವರು ಇನ್ನೊಂದು ವಿಧಾನ ಹೇಳುವುದುಂಟು: ದೀಪದ ಮೇಲೂ ಪೋಲರೈಸಿಂಗ್ ಹಾಳೆ ಕಟ್ಟಿ, ಲೆನ್ಸಿನ ಫಿಲ್ಟರನ್ನು ಅದಕ್ಕೆ ಅಡ್ಡವಾಗಿ ತಿರುಗಿಸುವುದು. ಎಣ್ಣೆ ಬಣ್ಣದ ಚಿತ್ರ, ಹಳೆಯ ಫೋಟೊಗಳನ್ನು ನಕಲು ಮಾಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಬಿದ್ರಿಗೆ ಮಾತ್ರ ಬೇಡವೇ ಬೇಡ. ದೀಪದ ಬೆಳಕೇ ಒಂದು ದಿಕ್ಕಿಗೆ ಕಟ್ಟುಬಿದ್ದಾಗ ಲೋಹ ಆ ದಿಕ್ಕನ್ನು ಕೆಡಿಸದೆ ಮರಳಿಸುತ್ತದೆ, ಲೆನ್ಸಿನ ಫಿಲ್ಟರ್ ಅದನ್ನು ಪೂರ್ತಿ ನುಂಗುತ್ತದೆ. ಬೆಳ್ಳಿ ಸೀಸದಂತೆ ಸತ್ತು ಬೀಳುತ್ತದೆ.

ಲೋಹಕ್ಕೂ ಉಳಿದದ್ದಕ್ಕೂ ಇರುವ ಈ ವ್ಯತ್ಯಾಸವನ್ನು ಮನೆಯಲ್ಲೇ ನೋಡಬಹುದು. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ನೆಲದ ಮೇಲೆ, ಬಾಗಿಲ ಬೆಳಕು ಬೀಳುವ ಕಡೆ ಒಂದು ಸ್ಟೀಲ್ ತಟ್ಟೆ ಇಡಿ. ಪಕ್ಕದಲ್ಲಿ ಅಂಗೈಯಷ್ಟು ನೀರು ಚೆಲ್ಲಿ. ಕೂತು ಓರೆಯಾಗಿ ನೋಡುತ್ತ ಫಿಲ್ಟರನ್ನು ಕಣ್ಣ ಮುಂದೆ ಹಿಡಿದು ತಿರುಗಿಸಿ. ನೀರಿನ ಮೇಲಿನ ಬೆಳಕು ಆರುತ್ತದೆ, ಕಲ್ಲಿನ ಹೊಳಪು ಆರಿ ಅದರ ನಿಜ ಬಣ್ಣ ಕಾಣುತ್ತದೆ, ತಟ್ಟೆ ಮಾತ್ರ ತನ್ನ ಪಾಡಿಗೆ ತಾನು ಥಳಥಳಿಸುತ್ತಿರುತ್ತದೆ. ಎರಡು ನಿಮಿಷದ ಈ ಪ್ರಯೋಗ ಮಾಡಿದವರು ಮುಂದೆ ಕಾರಿನ ಕ್ರೋಮ್ ಪಟ್ಟಿಯ ಹೊಳಪು ಹೋಗುತ್ತಿಲ್ಲವೆಂದು ಫಿಲ್ಟರನ್ನು ಬೈಯುವುದಿಲ್ಲ.

ಈ ಗುಣ ಮೊದಲು ಕಣ್ಣಿಗೆ ಬಿದ್ದದ್ದೂ ಒಂದು ಕಿಟಕಿಯಿಂದಲೇ. 1808ರಲ್ಲಿ ಎಟಿಯೆನ್ ಲೂಯಿ ಮಾಲುಸ್ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಗಾಜುಗಳಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡುತ್ತಿದ್ದರು. ಹರಳು ತಿರುಗಿಸಿದಂತೆ ಕಾಣುವ ಎರಡು ಬಿಂಬಗಳಲ್ಲಿ ಒಂದು ಮಂಕಾಯಿತು, ಇನ್ನೊಂದು ಬೆಳಗಿತು. 1815ರಲ್ಲಿ ಡೇವಿಡ್ ಬ್ರೂಸ್ಟರ್ ಕೋನದ ನಿಯಮ ಕೊಟ್ಟರು: ವಸ್ತುವಿನ ವಕ್ರೀಭವನಾಂಕ (ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಂಕಿ) ಎಷ್ಟೋ, ಮೇಲ್ಮೈಗೆ ಲಂಬವಾದ ಗೆರೆಯಿಂದ ಅಳೆದ ಆ ಕೋನದ ಟ್ಯಾನ್ ಅಷ್ಟೇ. ನೀರಿಗೆ 1.33, ಗಾಜಿಗೆ ಸುಮಾರು 1.5.

ಈ ಎರಡು ಅಂಕಿಗಳನ್ನು ನೆನಪಿಟ್ಟರೆ ಸಾಕು, ಕೋನಮಾಪಕ ಬೇಡ. ನೀರಿನ ದಂಡೆಯಲ್ಲಿ ನಿಂತಾಗ ನೀರಿನಿಂದ ನಿಮ್ಮ ಕಣ್ಣಿನ ಎತ್ತರ ಎಷ್ಟಿದೆಯೋ ಅದಕ್ಕೆ ಮೂರನೇ ಒಂದು ಪಾಲು ಸೇರಿಸಿ. ಅಷ್ಟು ದೂರದ ನೀರಿನಲ್ಲಿ ಫಿಲ್ಟರ್ ಪ್ರತಿಬಿಂಬವನ್ನು ಪೂರ್ತಿ ಅಳಿಸಬಲ್ಲದು. ಕಣ್ಣು ನೀರಿನಿಂದ ಆರಡಿ ಮೇಲಿದ್ದರೆ ಎಂಟಡಿ ದೂರ. ಹದಿನೈದು ಅಡಿ ಏರಿಯ ಮೇಲಿದ್ದರೆ ಇಪ್ಪತ್ತು ಅಡಿ. ಅದರ ಹತ್ತಿರಕ್ಕೂ ದೂರಕ್ಕೂ ಹೋದಂತೆ ಫಿಲ್ಟರಿನ ಶಕ್ತಿ ಕುಗ್ಗುತ್ತದೆ. ಗಾಜಿನ ಮುಂದೆ ನಿಂತಾಗ, ಗಾಜಿನಿಂದ ಎರಡು ಅಡಿ ದೂರವಿದ್ದರೆ, ನಿಮ್ಮ ಎದುರಿನ ಬಿಂದುವಿನಿಂದ ಮೂರು ಅಡಿ ಬದಿಗಿರುವ ಜಾಗಕ್ಕೆ ಗುರಿಯಿಡಿ.

ಇದು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಬಹಳ ಉಪಯೋಗಕ್ಕೆ ಬರುವ ಲೆಕ್ಕ. ಮಲಗಿದ ಬುದ್ಧನಂತೆ ಕಾಣುವ ಆ ಬೆಟ್ಟಸಾಲನ್ನು ನೀರಿನ ಜೊತೆಗೆ ತೆಗೆಯಬೇಕೆನ್ನುವವರು ಫಿಲ್ಟರ್ ಹಾಕಿದೊಡನೆ ಗರಿಷ್ಠಕ್ಕೆ ತಿರುಗಿಸಿಬಿಡುತ್ತಾರೆ. ಬೆಟ್ಟದ ಬಿಂಬ ಮಂಕಾಗುತ್ತದೆ, ಚಿತ್ರದ ಜೀವ ಹೋಗುತ್ತದೆ. ನಿಜವಾಗಿ ಅಲ್ಲಿ ಎರಡೂ ಸಿಗುತ್ತವೆ. ದೂರದ ಬೆಟ್ಟದ ಬಿಂಬ ಬೀಳುವುದು ಸಣ್ಣ ಕೋನದ ನೋಟದಲ್ಲಿ. ನೀರಿಗೆ ಹತ್ತು ಡಿಗ್ರಿಯಷ್ಟೇ ಓರೆಯಾಗಿ ನೋಡುವ ಕಡೆ ಫಿಲ್ಟರ್ ಎಷ್ಟೇ ತಿರುಗಿಸಿದರೂ, ನೀರೊಳಗಿಂದ ಬರುವ ಬೆಳಕಿಗೆ ಹೋಲಿಸಿದರೆ, ಪ್ರತಿಬಿಂಬದ ಅರ್ಧಕ್ಕಿಂತ ಹೆಚ್ಚು ಪಾಲು ಉಳಿದೇ ಇರುತ್ತದೆ. ಕಾಲಬುಡದಿಂದ ಎಂಟಡಿ ಆಚೆಯ ನೀರಿನಲ್ಲಿ ಮಾತ್ರ ತಳದ ಕಲ್ಲು, ಜೊಂಡಿನ ಬುಡ ಕಾಣತೊಡಗುತ್ತವೆ. ಹಾಗಾಗಿ ಕ್ಯಾಮೆರಾವನ್ನು ಎದೆಯೆತ್ತರಕ್ಕೆ ಇಟ್ಟು, ಹತ್ತಿರದ ನೀರು ಚೌಕಟ್ಟಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬರುವಂತೆ ನೋಡಿ, ಫಿಲ್ಟರನ್ನು ಗರಿಷ್ಠದಿಂದ ಸ್ವಲ್ಪ ಹಿಂದಕ್ಕೆ ತನ್ನಿ. ಕೆಳಗೆ ಪಾರದರ್ಶಕ ನೀರು, ಮೇಲೆ ಬುದ್ಧನ ಬಿಂಬ, ಎರಡೂ ಒಂದೇ ಚೌಕಟ್ಟಿನಲ್ಲಿ. ನೆಲಕ್ಕೆ ಕೂತು ತೆಗೆದರೆ ಈ ಲಾಭ ತಪ್ಪುತ್ತದೆ: ಕಣ್ಣು ಒಂದೂವರೆ ಅಡಿಗೆ ಇಳಿದರೆ ಫಿಲ್ಟರ್ ಕೆಲಸ ಮಾಡುವ ಜಾಗವೂ ಎರಡು ಅಡಿಗೆ ಇಳಿಯುತ್ತದೆ.

ಬಿಂಬವೇ ಚಿತ್ರವಾಗಿರುವ ಕಡೆ ಫಿಲ್ಟರನ್ನು ಉಲ್ಟಾ ಬಳಸಬಹುದೆಂಬುದು ಹಲವರಿಗೆ ಹೊಳೆಯುವುದಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದ ಕೊಳದಲ್ಲಿ ಬಿಳಿ ಕಟ್ಟಡದ ಬಿಂಬ ಬೇಕೆಂದಾದರೆ, ಅಳಿಸುವ ಸ್ಥಾನದಿಂದ ಸರಿಯಾಗಿ ಕಾಲು ಸುತ್ತು, ಅಂದರೆ 90 ಡಿಗ್ರಿ ತಿರುಗಿಸಿ. ನೀರೊಳಗಿಂದ ಬರುವ ಬೆಳಕು ಅರ್ಧಕ್ಕಿಳಿಯುತ್ತದೆ, ಪ್ರತಿಬಿಂಬ ಅಷ್ಟು ಇಳಿಯುವುದಿಲ್ಲ. ಬಿಂಬ ಮೊದಲಿಗಿಂತ ಗಟ್ಟಿಯಾಗುತ್ತದೆ. ಎಡಿಟಿಂಗ್‌ನಲ್ಲಿ ಕ್ಲ್ಯಾರಿಟಿ ಏರಿಸಿ ಇದನ್ನು ತರಲು ಹೋದರೆ ನೀರಿನ ಮೇಲಿನ ಎಲೆ, ಧೂಳು ಎಲ್ಲವೂ ಎದ್ದು ಕೂರುತ್ತವೆ.

ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ ಎನ್ನುತ್ತಾರಲ್ಲ, ಪೋಲರೈಸರ್ ಮಾಡುವುದು ಆ ಕೆಲಸ. ಆದರೆ ಬೆಳಕು ಸೆನ್ಸರಿಗೆ ಬೀಳುವ ಮುಂಚೆ ಮಾತ್ರ. ನಮ್ಮ ಕೈಯಲ್ಲಿರುವ ಕ್ಯಾಮೆರಾಗಳ ಸೆನ್ಸರ್ ಎಷ್ಟು ಬೆಳಕು ಬಿತ್ತು, ಯಾವ ಬಣ್ಣದ್ದು ಬಿತ್ತು ಎಂದಷ್ಟೇ ಬರೆದಿಟ್ಟುಕೊಳ್ಳುತ್ತದೆ. ಯಾವ ದಿಕ್ಕಿಗೆ ಕಂಪಿಸುತ್ತ ಬಂತೆಂಬುದು ಆ ಲೆಕ್ಕಪುಸ್ತಕದಲ್ಲಿ ಇಲ್ಲವೇ ಇಲ್ಲ. ತಳದ ಕಲ್ಲಿನ ಬೆಳಕು, ಮೇಲಿನ ಆಕಾಶದ ಬೆಳಕು ಒಂದೇ ಸಂಖ್ಯೆಯಾಗಿ ಕೂಡಿಹೋಗಿರುತ್ತವೆ. ನೂರು ರೂಪಾಯಿ ಮೊತ್ತ ನೋಡಿ ಯಾರು ಎಷ್ಟು ಕೊಟ್ಟರು ಎಂದು ಹೇಳುವುದು ಹೇಗೆ? ರಾ ಫೈಲಿನಲ್ಲಿ 14 ಬಿಟ್ ಇದ್ದರೂ ಅದು ಮೊತ್ತವನ್ನು ಹೆಚ್ಚು ಸೂಕ್ಷ್ಮವಾಗಿ ಹೇಳುತ್ತದೆಯೇ ಹೊರತು ಪಾಲನ್ನಲ್ಲ. ಹೊಳಪು ತೀರಾ ಬಿಳಿಯಾಗಿ ಕ್ಲಿಪ್ ಆಗಿದ್ದರಂತೂ ಮೊತ್ತವೂ ಇಲ್ಲ, ಅಲ್ಲಿ ಇರುವುದು ಖಾಲಿ.

ಎಡಿಟಿಂಗ್ ಕೈಲಾಗದ ಸಾಧನ ಅಂತಲ್ಲ. ಮುಸುಕು ಒಂದೇ ಸಮನಾಗಿದ್ದರೆ, ಅಂದರೆ ಮೋಡದ ದಿನ ಒದ್ದೆ ಕಲ್ಲಿನ ಮೇಲೆ ಬೀಳುವ ಬಿಳಿಚು ಬೆಳಕಿನಂತಿದ್ದರೆ, ಅದನ್ನು ಕಳೆಯುವುದು ಸಾಧ್ಯ. ಬೀದರಿನ ಕೆಂಪು ಜಂಬಿಟ್ಟಿಗೆಯ ಗೋಡೆ ಮಳೆಯಲ್ಲಿ ನೆನೆದಾಗ ಕಣ್ಣಿಗೆ ಇಟ್ಟಿಗೆಗಿಂತ ಗಾಢ ಕೆಂಪು, ಫೋಟೊದಲ್ಲಿ ನೇರಳೆ ಮಿಶ್ರಿತ ಬೂದು. ಮೇಲಿರುವುದು ಆಕಾಶದ ನೀಲಿ ಕಲೆತ ಬೆಳಕು. ಲೆವೆಲ್ಸ್ ತೆರೆದು ಮೂರೂ ಬಣ್ಣಗಳನ್ನು ಒಟ್ಟಿಗೆ ಎಳೆಯುವ ಬದಲು ನೀಲಿ ಚಾನೆಲ್ಲಿನ ಕಪ್ಪು ಬಿಂದುವನ್ನು ಮೊದಲು ಒಳಕ್ಕೆ ತನ್ನಿ, ಆಮೇಲೆ ಹಸಿರು, ಕೊನೆಗೆ ತುಸು ಕೆಂಪು. ಕಲ್ಲಿನ ಸಂದಿಯ ಅತಿ ಕಪ್ಪು ಜಾಗದಲ್ಲಿ ನೀಲಿ 40, ಹಸಿರು 32, ಕೆಂಪು 26 ಎಂದು ಓದಿದರೆ ಮೂರೂ ಹತ್ತರ ಆಸುಪಾಸಿಗೆ ಬರುವಷ್ಟು ಸಾಕು. ಮಬ್ಬು ಕಳೆಯುವ ಡಿಹೇಜ್ ಸ್ಲೈಡರ್ ಆದರೆ 15ರಿಂದ 25ರೊಳಗೆ ನಿಲ್ಲಿಸಿ, ಅದೂ ಮಾಸ್ಕ್ ಹಾಕಿದ ಜಾಗಕ್ಕೆ ಮಾತ್ರ. ಅದಕ್ಕೂ ಮೇಲೆ ಹೋದರೆ ಗಾರೆಯ ಗೆರೆಗಳ ಸುತ್ತ ಕಪ್ಪು ಅಂಚು ಏಳುತ್ತದೆ. ಇಷ್ಟು ಮಾಡಿದರೂ ನಡುವಿನ ಬಣ್ಣಗಳು ಫಿಲ್ಟರ್ ಹಾಕಿ ತೆಗೆದಷ್ಟು ಸಹಜವಾಗಿ ಬರುವುದಿಲ್ಲ. ಕಾರಣ, ಬೆಳಕು ಕೂಡಿದ್ದು ನೇರ ಲೆಕ್ಕದಲ್ಲಿ, ನಾವು ಕಳೆಯುತ್ತಿರುವುದು ಗಾಮಾ ಹಚ್ಚಿ ಬಾಗಿಸಿದ ಲೆಕ್ಕದಲ್ಲಿ.

ಮುಸುಕಿಗೆ ಆಕಾರ ಬಂದಾಗ, ಅಂದರೆ ಮರ, ಕಿಟಕಿ, ಫೋಟೊ ತೆಗೆಯುವವರ ಮುಖವೇ ಗಾಜಿನಲ್ಲಿ ಮೂಡಿದಾಗ, ಲೆವೆಲ್ಸ್ ಸಾಲದು. ಇಲ್ಲಿಗೆ ಈಗ ಎಐ ಬಂದಿದೆ. 2024ರ ಡಿಸೆಂಬರಿನಲ್ಲಿ ಅಡೋಬಿ ಕ್ಯಾಮೆರಾ ರಾದಲ್ಲಿ ಕಿಟಕಿ ಗಾಜಿನ ಪ್ರತಿಫಲನ ತೆಗೆಯುವ ಸೌಲಭ್ಯ ಪ್ರಾಯೋಗಿಕವಾಗಿ ಬಂತು. ಸ್ಯಾಮ್‌ಸಂಗ್ ಫೋನುಗಳಲ್ಲಿ ಪ್ರತಿಫಲನ ಅಳಿಸುವ ಗುಂಡಿ ಅದಕ್ಕೂ ಮುಂಚೆಯೇ ಇತ್ತು. ಬಸ್ಸಿನ ಕಿಟಕಿಯಿಂದ ತೆಗೆದ ತೊಗರಿ ಹೊಲದ ಚಿತ್ರಕ್ಕೆ, ಮದುವೆ ಮನೆಯ ಗಾಜಿನ ಬಾಗಿಲಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಬಳಸಲು ಹಿಂಜರಿಯಬೇಕಿಲ್ಲ. ಆದರೆ ಇದು ಎರಡು ಪದರಗಳನ್ನು ಊಹಿಸಿ ಬೇರ್ಪಡಿಸುತ್ತದೆ, ತೋಚದ ಕಡೆ ತಾನೇ ತುಂಬುತ್ತದೆ. ಹೊಲಕ್ಕೆ ಊಹೆ ನಡೆಯುತ್ತದೆ, ಅಕ್ಷರಕ್ಕೆ ನಡೆಯುವುದಿಲ್ಲ.

ಬೀದರಿನ ಮಹಮೂದ್ ಗವಾನ್ ಮದರಸಾ ಇದಕ್ಕೆ ಕಣ್ಣೆದುರಿನ ಉದಾಹರಣೆ. 1472ರಲ್ಲಿ ಮುಗಿದ ಈ ಕಟ್ಟಡದ ಮುಂಭಾಗದಲ್ಲೂ ಉಳಿದಿರುವ ಮಿನಾರಿನ ಮೇಲೂ ಬಣ್ಣದ ಹೆಂಚುಗಳು ಇನ್ನೂ ಕೆಲವೆಡೆ ಅಂಟಿಕೊಂಡಿವೆ, ಬರಹದ ಪಟ್ಟಿಯೂ ಇದೆ. ಹೆಂಚಿನ ಮೇಲಿನ ಮೆರುಗೆಂದರೆ ಗಾಜೇ. ಅದರ ಮೇಲೆ ಬಿದ್ದ ಆಕಾಶದ ಬಿಳುಪನ್ನು ಎಐಗೆ ಒಪ್ಪಿಸಿದರೆ ಅದು ಬರಹದ ಒಂದು ಬಳುಕನ್ನು ನೇರ ಮಾಡಬಹುದು, ಉದುರಿಹೋದ ಚೂರನ್ನು ತುಂಬಿಬಿಡಬಹುದು. ನೋಡಲು ಸೊಗಸಾಗಿರುತ್ತದೆ, ದಾಖಲೆಯಾಗಿ ಸುಳ್ಳು. ಐದೂವರೆ ಶತಮಾನ ಬಿಸಿಲು ಮಳೆ ತಿಂದು ಉಳಿದ ಹೆಂಚು ಈಗ ಹೇಗಿದೆಯೋ ಹಾಗೇ ಮುಂದಿನವರಿಗೆ ಕಾಣಬೇಕು. ಇಲ್ಲಿ ಫಿಲ್ಟರೇ ಬೇಕು ಎಂದು ಗಟ್ಟಿಯಾಗಿ ಹೇಳುತ್ತೇನೆ.

ಆದರೆ ಇಲ್ಲಿ ಫಿಲ್ಟರಿಗೂ ಕಷ್ಟವಿದೆ. ನೆಲದ ಮೇಲಿನ ನೀರಿನಿಂದ ಚಿಮ್ಮುವ ಬೆಳಕು ಅಡ್ಡಕ್ಕೆ ಕಂಪಿಸುತ್ತದೆ, ನಿಂತ ಗೋಡೆಯನ್ನು ಬದಿಯಿಂದ ನೋಡಿದಾಗ ಅದರ ಬೆಳಕು ಲಂಬಕ್ಕೆ ಕಂಪಿಸುತ್ತದೆ. ಒಂದನ್ನು ಅಳಿಸುವ ಸ್ಥಾನ ಇನ್ನೊಂದನ್ನು ಉಳಿಸುವ ಸ್ಥಾನ. ಮಳೆ ನಿಂತ ಅಂಗಳವೂ ಹೊಳೆಯುವ ಹೆಂಚೂ ಒಂದೇ ಚೌಕಟ್ಟಿನಲ್ಲಿದ್ದರೆ ಫಿಲ್ಟರ್ ಒಂದೇ ಸಲಕ್ಕೆ ಎರಡನ್ನೂ ಗೆಲ್ಲಲಾರದು. ಮಿನಾರಂತೂ ದುಂಡಗಿದೆ. ನೇರಕ್ಕೆ ನೋಡಿದರೆ ಅದರ ನಡುಗೆರೆಯಿಂದ ಅಂಚಿನ ಕಡೆಗೆ ಆರರಲ್ಲಿ ಐದು ಪಾಲು ಸರಿದ ಕಡೆ, ಎಡಕ್ಕೊಂದು ಬಲಕ್ಕೊಂದು ಪಟ್ಟಿಯಲ್ಲಿ ಮಾತ್ರ ಗಾಜಿನ ಕೋನ ಸರಿಹೊಂದುತ್ತದೆ. ನಟ್ಟನಡುವೆ ಫಿಲ್ಟರ್ ಇದ್ದೂ ಇಲ್ಲದಂತೆ.

ಫಿಲ್ಟರೂ ಎಡಿಟಿಂಗೂ ಕೈ ಹಿಡಿದು ನಡೆಯಬೇಕಾದದ್ದು ಇಲ್ಲಿಯೇ. ಟ್ರೈಪಾಡ್ ಹಾಕಿ. ಮ್ಯಾನುಯಲ್ ಮೋಡ್, ಮ್ಯಾನುಯಲ್ ಫೋಕಸ್, ವೈಟ್ ಬ್ಯಾಲೆನ್ಸ್ 5500ಕ್ಕೆ ಕಟ್ಟಿ, ಎರಡು ಸೆಕೆಂಡ್ ಟೈಮರ್. ಫಿಲ್ಟರಿನ ಹೊರ ಉಂಗುರದ ಮೇಲೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟುಕೊಂಡಿರಿ. ಚುಕ್ಕೆಯನ್ನು ಗಡಿಯಾರದ ಮುಳ್ಳಿನಂತೆ 12ರಿಂದ ಶುರುಮಾಡಿ ಒಂದೊಂದು ಗಂಟೆ, ಅಂದರೆ 30 ಡಿಗ್ರಿ ಸರಿಸುತ್ತ 5ರವರೆಗೆ ಆರು ಚೌಕಟ್ಟು ತೆಗೆಯಿರಿ. 6ಕ್ಕೆ ಬಂದರೆ ಮತ್ತೆ ಮೊದಲಿನದೇ, ಬೇಡ. ಆರನ್ನೂ ಒಂದರ ಮೇಲೊಂದು ಲೇಯರ್ ಮಾಡಿ, ಅಲೈನ್ ಮಾಡಿ, ತಳದ್ದು ಬಿಟ್ಟು ಉಳಿದೆಲ್ಲಕ್ಕೂ ಬ್ಲೆಂಡ್ ಮೋಡ್ ಡಾರ್ಕನ್ ಕೊಡಿ. ಉಚಿತ ಎಡಿಟಿಂಗ್ ತಂತ್ರಾಂಶ ಜಿಂಪ್‌ನಲ್ಲಿ ಅದರ ಹೆಸರು ಡಾರ್ಕನ್ ಓನ್ಲಿ. ಪ್ರತಿ ಚುಕ್ಕೆಯಲ್ಲೂ ಆರು ಚೌಕಟ್ಟುಗಳ ಪೈಕಿ ಅತಿ ಕಡಿಮೆ ಪ್ರತಿಫಲನ ಇರುವುದೇ ಉಳಿಯುತ್ತದೆ: ಅಂಗಳದ ನೀರಿಗೆ ಒಂದು ಸ್ಥಾನ, ಹೆಂಚಿಗೆ ಇನ್ನೊಂದು, ಓರೆ ಚಾವಣಿಗೆ ಮತ್ತೊಂದು, ತಾನಾಗಿ ಆಯ್ಕೆಯಾಗುತ್ತದೆ. ಮೂವತ್ತು ಡಿಗ್ರಿ ಹೆಜ್ಜೆಯಲ್ಲಿ ಸರಿಯಾದ ಸ್ಥಾನ ತಪ್ಪುವುದು ಹೆಚ್ಚೆಂದರೆ 15 ಡಿಗ್ರಿ. ಮಾಲುಸ್ ನಿಯಮದ ಪ್ರಕಾರ ಆಗಲೂ ಒಂದೇ ದಿಕ್ಕಿನ ಪ್ರತಿಫಲನದಲ್ಲಿ ನೂರಕ್ಕೆ ಏಳಕ್ಕಿಂತ ಕಡಿಮೆ ಉಳಿಯುತ್ತದೆ. ನಾಲ್ಕೇ ಚೌಕಟ್ಟು, 45 ಡಿಗ್ರಿ ಹೆಜ್ಜೆ ಎಂದರೆ ಉಳಿಕೆ 15ರ ಹತ್ತಿರ ಹೋಗಬಹುದು. ಎರಡು ಚೌಕಟ್ಟು ಹೆಚ್ಚು ತೆಗೆಯಲು ಅರ್ಧ ನಿಮಿಷ ಸಾಕಲ್ಲವೇ?

ಇದರಲ್ಲಿ ಕೆಡುವುದು ಎರಡು ಕಡೆ. ಡಾರ್ಕನ್ ಕಪ್ಪನ್ನೇ ಹಿಡಿದಿಡುತ್ತದಾದ್ದರಿಂದ ನಡುವೆ ಹಾರಿದ ಪಾರಿವಾಳ, ದಾಟಿಹೋದ ಮನುಷ್ಯ ಎಲ್ಲರೂ ನೆರಳಿನ ಹಾಗೆ ಉಳಿಯುತ್ತಾರೆ. ಆ ಲೇಯರಿನಲ್ಲಿ ಅಷ್ಟು ಜಾಗವನ್ನು ಮಾಸ್ಕ್ ಹಾಕಿ ಮುಚ್ಚಬೇಕು. ಅಲೆಯಾಡುವ ನೀರಿನಲ್ಲಿ ಆರು ಚೌಕಟ್ಟಿನ ಅಲೆಗಳೂ ಸೇರಿ ಕೆಸರಿನಂತೆ ಕಾಣುತ್ತವೆ, ಅಲ್ಲಿ ಒಂದೇ ಚೌಕಟ್ಟಿನ ನೀರು ಇಟ್ಟುಕೊಳ್ಳಿ. ಕಿಟಕಿ ಗಾಜಿಗೆ, ಮ್ಯೂಸಿಯಂ ಪೆಟ್ಟಿಗೆಗೆ ಇಷ್ಟೆಲ್ಲ ಬೇಡ. ರಬ್ಬರ್ ಹುಡ್ ಅನ್ನು ಗಾಜಿಗೆ ಒತ್ತಿ ಹಿಡಿದರೆ, ಅಥವಾ ಕರಿ ಬಟ್ಟೆಯನ್ನು ಹಿಂದೆ ಕೊಡೆಯ ಹಾಗೆ ಹಿಡಿಸಿದರೆ ಮುಗಿಯಿತು.

ಬೀದರ್ ಕೋಟೆಯ ರಂಗೀನ್ ಮಹಲಿನ ವಿಷಯ ಬೇರೆ. ಅಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಚಿಪ್ಪಿನ ಬಣ್ಣವೇ ಬೆಳಕಿನ ಆಟ, ಅದರ ತೆಳು ಪದರಗಳಿಂದ ಮರಳಿ ಬರುವ ಹೊಳಪು. ಫಿಲ್ಟರನ್ನು ಗರಿಷ್ಠಕ್ಕೆ ತಿರುಗಿಸಿದರೆ ಕಲ್ಲು ಸೊಗಸಾಗಿ ಕಪ್ಪಾಗುತ್ತದೆ, ಚಿಪ್ಪು ಮಂಕಾಗಿ ಸುಣ್ಣದ ತುಂಡಿನಂತಾಗುತ್ತದೆ. ಗರಿಷ್ಠಕ್ಕೂ ಕನಿಷ್ಠಕ್ಕೂ ನಡುವೆ ಎಲ್ಲೋ ಚಿಪ್ಪಿನಲ್ಲಿ ಗುಲಾಬಿ, ಹಸಿರು ಇನ್ನೂ ಮಿನುಗುತ್ತಿರುವಲ್ಲಿ ಕೈ ನಿಲ್ಲಬೇಕು. ಅದನ್ನು ವ್ಯೂಫೈಂಡರಿನಲ್ಲೇ ಕಣ್ಣಿಟ್ಟು ನೋಡಿ ನಿರ್ಧರಿಸಬೇಕು. ಡಾರ್ಕನ್ ಲೇಯರ್ ಇಲ್ಲಿ ಕೂಡದು.

ಎಡಿಟಿಂಗೇ ಮೇಲು ಎನ್ನಬೇಕಾದ್ದು ಆಕಾಶದ ವಿಷಯದಲ್ಲಿ. ಆಕಾಶದ ಬೆಳಕು ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ ಅತಿ ಹೆಚ್ಚು ಪೋಲರೈಸ್ ಆಗಿರುತ್ತದೆ. 24 ಮಿಲಿಮೀಟರಿಗಿಂತ ಅಗಲದ ಲೆನ್ಸಿನಲ್ಲಿ ಆ ಪಟ್ಟಿ ನಡುವೆ ಕಡುನೀಲಿಯಾಗಿ, ಅಕ್ಕಪಕ್ಕ ತಿಳಿಯಾಗಿ, ಬಟ್ಟೆಗೆ ನೀಲಿ ಸರಿಯಾಗಿ ಹಿಡಿಯದ ಹಾಗೆ ಕಾಣುತ್ತದೆ. ಇದನ್ನು ಸರಿಪಡಿಸುವುದಕ್ಕಿಂತ ಫಿಲ್ಟರ್ ಕಳಚಿಟ್ಟು ಚಿತ್ರ ತೆಗೆದು, ಆಮೇಲೆ ನೀಲಿಯ ಲ್ಯೂಮಿನನ್ಸ್ 15–20 ಇಳಿಸುವುದು ಸುಲಭ. ಕಲಬುರಗಿಯಲ್ಲಿ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ, ಮತ್ತೆ ಆಗಸ್ಟ್ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಆ ಪಟ್ಟಿ ಸುತ್ತಲೂ ದಿಗಂತದಲ್ಲೇ ಬೀಳುತ್ತದೆ. ಪುಸ್ತಕದ ಪ್ರಕಾರ ಎಲ್ಲ ದಿಕ್ಕಿಗೂ ಕಡುನೀಲಿ ಬರಬೇಕು. ಆದರೆ ಬೇಸಿಗೆಯ ದಿಗಂತದಲ್ಲಿ ಇರುವುದು ಧೂಳು, ಧೂಳು ಆ ಕಂಪನವನ್ನು ಕಲಸಿಹಾಕುತ್ತದೆ. ಫಿಲ್ಟರ್ ತಿರುಗಿಸುತ್ತ ಕೂತರೆ ಕೈ ಸುಡುವುದಷ್ಟೇ. ಡಿಸೆಂಬರ್, ಜನವರಿಯ ತೊಳೆದಂಥ ಆಕಾಶಕ್ಕೆ, 35ರಿಂದ 85 ಮಿಲಿಮೀಟರ್ ಲೆನ್ಸಿಗೆ ಹಾಕಿಕೊಳ್ಳಿ.

ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯಲ್ಲಿ ಹಕ್ಕಿ ತೆಗೆಯುವವರಿಗೂ ಫಿಲ್ಟರ್ ಬೇಡ. ಹಾರುವ ಹಕ್ಕಿಗೆ 1/2000 ಸೆಕೆಂಡ್ ಬೇಕು. ಫಿಲ್ಟರ್ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಅರ್ಧಕ್ಕರ್ಧ) ಬೆಳಕು ತಿಂದರೆ ಸೆನ್ಸರಿನ ಸೂಕ್ಷ್ಮತೆ, ಅಂದರೆ ಐಎಸ್‌ಒ, 400ರಿಂದ 1100ರ ಮೇಲೆ ಹೋಗುತ್ತದೆ. ನೀರಿನ ಝಳ ತಪ್ಪಿಸಲು ಬೆಳಗ್ಗೆ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಸಾಕು. ಬೀದರ್ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗುಮ್ಮಟಗಳ ಒಳಗಿನ ಚಿತ್ತಾರಕ್ಕೂ ಫಿಲ್ಟರ್ ತೆಗೆದಿಡಿ: ಮೊದಲೇ ಕತ್ತಲು, 1/15ರಲ್ಲಿ ಬರುವ ಚಿತ್ರ 1/5ಕ್ಕೆ ಇಳಿಯುತ್ತದೆ.

ಮುಖಗಳ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಬಿಸಿಲಿಗೆ ಹಣೆ, ಮೂಗು ಬೆವರಿ ಹೊಳೆಯುವುದು ಸಹಜ. ಫಿಲ್ಟರ್ ಆ ಹೊಳಪನ್ನು ಪೂರ್ತಿ ತೆಗೆದರೆ ಚರ್ಮ ಒಣ ಮಣ್ಣಿನಂತಾಗುತ್ತದೆ. ಅರ್ಧಕ್ಕೆ ನಿಲ್ಲಿಸಿ, ಅಥವಾ ಕರವಸ್ತ್ರ ಕೊಡಿ. ಕನ್ನಡಕ ಹಾಕಿದವರು ಕ್ಯಾಮೆರಾಕ್ಕೆ ನೇರ ಮುಖ ಮಾಡಿದ್ದರೆ ಫಿಲ್ಟರ್ ನಿಷ್ಪ್ರಯೋಜಕ. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಸೆಂಟಿಮೀಟರ್ ಎತ್ತಿಸಿ, ಗಾಜು ಕೆಳಕ್ಕೆ ವಾಲಿ ದೀಪದ ಬಿಂಬ ಲೆನ್ಸಿನಿಂದಾಚೆ ಹೋಗುತ್ತದೆ. ಮದುವೆ ಕಾರಿನ ಚಿತ್ರದಲ್ಲಿ ಬದಿಯ ಗಾಜು, ಹಿಂದಿನ ಗಾಜುಗಳ ಮೇಲೆ ಚುಕ್ಕೆ ಚುಕ್ಕೆ, ಕಾಮನಬಿಲ್ಲಿನ ಕಲೆ ಎದ್ದರೆ ಅದು ಫಿಲ್ಟರಿನ ದೋಷವಲ್ಲ: ಕಾಯಿಸಿ ಗಟ್ಟಿಮಾಡಿದ ಗಾಜಿನೊಳಗಿನ ಬಿಗಿತ ಹಾಗೆ ಕಾಣುತ್ತದೆ. ಮುಂದಿನ ಗಾಜಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಕೊಳ್ಳುವಾಗ ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್) ಎಂದು ಬರೆದದ್ದನ್ನೇ ಕೊಳ್ಳಿ. ಅದರಲ್ಲಿ ಪೋಲರೈಸರ್ ಹಾಳೆಯ ಹಿಂದೆ ಇನ್ನೊಂದು ಪದರ ಇರುತ್ತದೆ, ಡಿಎಸ್‌ಎಲ್‌ಆರ್‌ನ ಮೀಟರ್, ಆಟೊಫೋಕಸ್ ದಾರಿ ತಪ್ಪದಿರಲಿ ಎಂದು. ಪರೀಕ್ಷಿಸಲು ಕನ್ನಡಿ ಸಾಕು: ಲೆನ್ಸಿಗೆ ತಿರುಪುವ ಬದಿಯನ್ನು ಕನ್ನಡಿಯ ಕಡೆ ಹಿಡಿದು ಫಿಲ್ಟರಿನ ಮೂಲಕ ಕನ್ನಡಿಯಲ್ಲಿ ಅದನ್ನೇ ನೋಡಿ. ಒಳಭಾಗ ಕಪ್ಪಾಗಿ ಕಂಡರೆ ನಿಜವಾದ ಸಿಪಿಎಲ್. ಇರುವ ಲೆನ್ಸುಗಳಲ್ಲಿ ಅತಿ ದೊಡ್ಡ ಬಾಯಿಗೆ, 77 ಮಿಲಿಮೀಟರ್ ಎಂದಿಟ್ಟುಕೊಳ್ಳಿ, ಒಂದು ಒಳ್ಳೆಯ ಫಿಲ್ಟರ್ ಕೊಂಡು ಉಳಿದವಕ್ಕೆ, ಸಣ್ಣ ಬಾಯಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್ ಅಪ್ ರಿಂಗ್ ಹಾಕುವುದು ಜಾಣತನ. ಯುವಿ ಫಿಲ್ಟರಿನ ಮೇಲೆ ಇದನ್ನು ಕೂರಿಸಬೇಡಿ, ಮೂಲೆಗಳು ಕಪ್ಪಾಗುತ್ತವೆ. ಫೋನಿನವರು ಪೋಲರೈಸ್ಡ್ ತಂಪು ಕನ್ನಡಕವನ್ನೇ ಲೆನ್ಸಿನ ಮುಂದೆ, ಮುಖಕ್ಕೆ ಹಾಕುವ ಹಾಗೇ ಅಡ್ಡ ಹಿಡಿದರೆ ನೀರಿನ ಹೊಳಪು ಹೋಗುತ್ತದೆ. ಗೋಡೆಗೆ ತೂಗುಹಾಕಿದ ಚಿತ್ರದ ಗಾಜಿಗಾದರೆ ಕನ್ನಡಕವನ್ನು ಲಂಬಕ್ಕೆ ತಿರುಗಿಸಿ, ಬದಿಯಿಂದ ತೆಗೆಯಿರಿ.

ಎಲ್ಲರೂ ಮಾಡುವ ತಪ್ಪು ಒಂದಿದೆ: ಅಡ್ಡ ಚೌಕಟ್ಟಿನಲ್ಲಿ ಫಿಲ್ಟರ್ ಸರಿಮಾಡಿ, ಕ್ಯಾಮೆರಾವನ್ನು ಲಂಬಕ್ಕೆ ತಿರುಗಿಸಿ ಹಾಗೇ ಒತ್ತಿಬಿಡುವುದು. ಕ್ಯಾಮೆರಾ 90 ಡಿಗ್ರಿ ತಿರುಗಿದಾಗ ಫಿಲ್ಟರೂ ತಿರುಗಿತು, ಅಳಿಸುತ್ತಿದ್ದದ್ದು ಈಗ ಉಳಿಸುತ್ತಿದೆ. ಹಳೆಯ ಕೆಲವು ಕಿಟ್ ಲೆನ್ಸುಗಳಲ್ಲಿ ಫೋಕಸ್ ಮಾಡುವಾಗ ಮುಂದಿನ ಬಾಯಿಯೇ ತಿರುಗುತ್ತದೆ, ಅಲ್ಲಿ ಮೊದಲು ಫೋಕಸ್, ಆಮೇಲೆ ಫಿಲ್ಟರ್.

ಬೇಸಿಗೆಯಲ್ಲಿ ಇದನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ಎರಡು ಗಾಜಿನ ನಡುವೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಬಿಸಿಗೆ ಅಂಚಿನಿಂದ ಬಿಡುತ್ತ ಬರುತ್ತದೆ, ಮೊದಲು ಉಗುರಿನ ತುದಿಯಷ್ಟು ಕಾಮನಬಿಲ್ಲು ಕಾಣುತ್ತದೆ. ಒಮ್ಮೆ ಬಿಟ್ಟರೆ ರಿಪೇರಿ ಇಲ್ಲ. ಧೂಳನ್ನು ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಬಟ್ಟೆ ಮುಟ್ಟಿಸಿ. ತಿರುಪಿನಲ್ಲಿ ಮಣ್ಣು ಸೇರಿ ಬಿಗಿದುಕೊಂಡರೆ ಬೆರಳುಗಳಿಂದ ಹಿಂಡಬೇಡಿ, ಉಂಗುರ ಅಂಡಾಕಾರಕ್ಕೆ ಬಾಗಿ ಇನ್ನೂ ಕಚ್ಚಿಕೊಳ್ಳುತ್ತದೆ. ಸುತ್ತ ಅಗಲದ ರಬ್ಬರ್ ಬ್ಯಾಂಡ್ ಹಾಕಿ ಅಂಗೈಯನ್ನು ಸಪಾಟಾಗಿ ಇಟ್ಟು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.